ನೀರುಳ್ಳಿಯ ಬಳೆಯೂ ಬಿಸಿಗಾಳಿಯ ಪಾಕವೂ

ಪಾಕವಿದ್ಯೆಯನ್ನು ಪ್ರಾಚೀನರು ಅರುವತ್ತನಾಲ್ಕು ಕಲೆಗಳಲ್ಲಿ ಒಂದೆಂದು ಎಣಿಸಿದ್ದಾರೆ. ಕ್ರಿ.ಶ. 1025ರಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ಅಡಿಗೆಯ ವಿಚಾರಕ್ಕೂ ಸ್ಥಾನವುಂಟು. 16ನೆಯ ಶತಮಾನದ ಮೂರನೆಯ ಮಂಗರಸನಂತೂ 'ಸೂಪಶಾಸ್ತ್ರ'ವೆಂಬ ಹೆಸರಿನಿಂದಲೇ ಕನ್ನಡದಲ್ಲಿ ಒಂದು ಕೃತಿಯನ್ನು ರಚಿಸಿದನು. ಆದುದರಿಂದ ಒಲೆಯ ಮುಂದಿನ ಕೆಲಸವನ್ನು ಶಾಸ್ತ್ರದೃಷ್ಟಿಯಿಂದ ವಿವೇಚಿಸುವುದು ಕನ್ನಡಕ್ಕೆ ಹೊಸತೇನೂ ಅಲ್ಲ. ಹೊಸತಾಗಿರುವುದು ಸಾಧನ ಮಾತ್ರ. ಇತ್ತೀಚೆಗೆ ಅನೇಕ ಮನೆಗಳ ಅಡಿಗೆಮನೆಯನ್ನು ಪ್ರವೇಶಿಸಿರುವ 'ಏರ್ ಫ್ರೈಯರ್' ಎಂಬ ಯಂತ್ರದಲ್ಲಿ, ಅಮೆರಿಕೆಯಲ್ಲಿ ಮನೆಮಾತಾಗಿರುವ 'ಆನಿಯನ್ ರಿಂಗ್ಸ್', ಎಂದರೆ ಈರುಳ್ಳಿಯ ಬಳೆಗಳನ್ನು ಗರಿಗರಿಯಾಗಿ ಸಿದ್ಧಪಡಿಸುವ ಬಗೆ ಯಾವುದು, ಅದರ ಹಿಂದಿರುವ ಕಾರಣಗಳೇನು ಎಂಬುದು ಇಲ್ಲಿಯ ವಿವೇಚನೆ.

ಮೊದಲು ಪದಾರ್ಥದ ಹೆಸರನ್ನೇ ನೋಡಬಹುದು. 'ಉಳ್ಳಿ' ಎಂಬುದು ಮೂಲಪದ. ಬಿಳಿದಾದ ಉಳ್ಳಿಯು ಬೆಳ್ಳುಳ್ಳಿ. ಉಳ್ಳಿಯ ಗಡ್ಡೆಯೇ ಉತ್ತರ ಕರ್ನಾಟಕದ ಉಳ್ಳಾಗಡ್ಡಿ. ಕರಾವಳಿಯ ಜನರ ನಾಲಗೆಯಲ್ಲಿ ಅದು ನೀರುಳ್ಳಿ. ಈ ಕೊನೆಯ ಹೆಸರು ನಿಜವಾಗಿಯೂ ಅನ್ವರ್ಥವಾದುದು. ನೂರು ಗ್ರಾಂ ಈರುಳ್ಳಿಯಲ್ಲಿ ಸುಮಾರು 89 ಗ್ರಾಂ ನೀರೇ ಇರುತ್ತದೆ. ಜೋಳದ ರೊಟ್ಟಿಯೊಡನೆ ಹಸಿಯಾಗಿ ಕಚ್ಚಿ ತಿನ್ನುವಾಗ ಈ ನೀರೇ ಅದರ ಗುಣ. ಗರಿಗರಿಯಾಗಿಸಲು ಹೊರಟಾಗ ಅದೇ ನೀರು ದೋಷ. ಬಳೆಯ ಪಾಕದ ಸಮಸ್ತ ಉಪಾಯವೂ ಈ ನೀರನ್ನು ಹತೋಟಿಯಲ್ಲಿಡುವುದರಲ್ಲಿಯೇ ಅಡಗಿದೆ.

ಕಾದ ಎಣ್ಣೆಯಲ್ಲಿ ನಡೆಯುವ ಕ್ರಿಯೆಯನ್ನು ಪರಿಶೀಲಿಸಿದರೆ ಇದು ಸ್ಪಷ್ಟವಾಗುತ್ತದೆ. ಸುಮಾರು 175 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಎಣ್ಣೆಯಲ್ಲಿ ಬಜ್ಜಿಯನ್ನು ಬಿಟ್ಟೊಡನೆ ಹಿಟ್ಟಿನ ಹೊರಮೈಯಲ್ಲಿರುವ ನೀರು ಆವಿಯಾಗಿ ಗುಳ್ಳೆಗಳ ರೂಪದಲ್ಲಿ ಹೊರಹೊಮ್ಮುತ್ತದೆ. ಮೇಲ್ಪದರವು ಒಣಗಿ ಗಟ್ಟಿಯಾಗುತ್ತದೆ. ಅನಂತರ ಹಿಟ್ಟಿನ ಸಕ್ಕರೆಯ ಅಂಶಗಳೂ ಸಸಾರಜನಕದ ಅಂಶಗಳೂ ಸಂಯೋಗಗೊಂಡು ಹೊಂಬಣ್ಣವೂ ಪರಿಮಳವೂ ಹುಟ್ಟುತ್ತವೆ. ಈ ಸಂಯೋಗವನ್ನು 1912ರಲ್ಲಿ ವಿವರಿಸಿದ ಫ್ರಾನ್ಸಿನ ವಿಜ್ಞಾನಿ ಲೂಯಿ ಕಮೀಯ್ ಮಯ್ಯಾರನ ಹೆಸರೇ ಇಂದಿಗೂ ಅದಕ್ಕೆ ನಿಂತಿದೆ. ಒಳಗಿರುವ ಈರುಳ್ಳಿಯು ಈ ಗಟ್ಟಿ ಕವಚದ ಆಶ್ರಯದಲ್ಲಿ ತನ್ನ ಆವಿಯಲ್ಲಿಯೇ ಬೆಂದು ಮೆತ್ತಗಾಗಿ, ಘಾಟನ್ನು ಕಳೆದುಕೊಂಡು ಸಿಹಿಯಾಗುತ್ತದೆ.

ಇನ್ನು ಯಂತ್ರದ ವಿಚಾರ. ನೆದರ್‌ಲ್ಯಾಂಡ್ಸಿನ ಫ್ರೆಡ್ ವಾನ್ ಡೆರ್ ವೇಯ್ ಎಂಬಾತನು ರೂಪಿಸಿದ ಈ ಯಂತ್ರವನ್ನು ಫಿಲಿಪ್ಸ್ ಸಂಸ್ಥೆಯು 2010ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಜಗತ್ತಿಗೆ ಪರಿಚಯಿಸಿತು. ಹೆಸರಿನಲ್ಲಿ ಕರಿಯುವ ಅರ್ಥವಿದ್ದರೂ ಅದು ಅನ್ವರ್ಥನಾಮವಲ್ಲ. ಅದು ಕರಿಯುವ ಬಾಣಲೆಯಲ್ಲ, ರಭಸದ ಬಿಸಿಗಾಳಿಯ ಪುಟ್ಟ ಒಲೆ. ಮೇಲ್ಭಾಗದಲ್ಲಿ ವಿದ್ಯುತ್ತಿನಿಂದ ಕಾಯುವ ಸುರುಳಿ. ಅದರ ಬಳಿ ವೇಗವಾಗಿ ತಿರುಗುವ ಬೀಸಣಿಗೆ. ಕೆಳಗೆ ರಂಧ್ರಗಳುಳ್ಳ ಬುಟ್ಟಿ. ಗಾಳಿಯು ಶಾಖವನ್ನು ಸಾಗಿಸುವುದರಲ್ಲಿ ಎಣ್ಣೆಗಿಂತ ಬಹಳ ದುರ್ಬಲವಾದುದು. ಪದಾರ್ಥವನ್ನು ಸುತ್ತಿಕೊಂಡು ನಿಶ್ಚಲವಾಗಿ ನಿಲ್ಲುವ ತಂಪಾದ, ತೇವದ ಗಾಳಿಯ ಪದರವನ್ನು ಬೀಸಣಿಗೆಯು ಚದುರಿಸುವುದರಿಂದ ಆ ದೌರ್ಬಲ್ಯವು ಬಹುಮಟ್ಟಿಗೆ ನೀಗುತ್ತದೆ, ಪೂರ್ಣವಾಗಿ ನೀಗುವುದಿಲ್ಲ.

ಈ ಭೇದವನ್ನು ಅರಿಯದವರು ಬಜ್ಜಿಯ ತೆಳು ಹಿಟ್ಟಿನಲ್ಲಿಯೇ ಬಳೆಗಳನ್ನು ಅದ್ದಿ ಬುಟ್ಟಿಯಲ್ಲಿಡುತ್ತಾರೆ. ಎಣ್ಣೆಯಲ್ಲಾದರೆ ಆ ಹಿಟ್ಟು ಕ್ಷಣಮಾತ್ರದಲ್ಲಿ ಗಟ್ಟಿಯಾಗುತ್ತಿತ್ತು. ಗಾಳಿಯಲ್ಲಿ ಅದು ಗಟ್ಟಿಯಾಗುವುದಕ್ಕೆ ಮುಂಚೆಯೇ ರಂಧ್ರಗಳ ಮೂಲಕ ಸೋರಿಹೋಗುತ್ತದೆ. ಬುಟ್ಟಿಗೆ ಹಿಟ್ಟು ಅಂಟಿ, ಈರುಳ್ಳಿಯು ಬೆತ್ತಲೆಯಾಗಿ ಬಾಡುತ್ತದೆ. ಯಂತ್ರವನ್ನು ಕೊಂಡು ಒಂದೆರಡು ಬಾರಿ ಹೀಗಾದ ಮೇಲೆ ಅದನ್ನು ಅಟ್ಟಕ್ಕೇರಿಸಿದವರು ಕಡಮೆಯಲ್ಲ. ದೋಷವು ಯಂತ್ರದ್ದಲ್ಲ, ಕ್ರಮದ್ದು. ಗಾಳಿಯ ಪಾಕಕ್ಕೆ ಸೋರದ, ಮೊದಲೇ ಒಣಗಿರುವ ಹೊರಕವಚ ಬೇಕು.

ಕರ್ನಾಟಕದಲ್ಲಿ ಚಿತ್ರದುರ್ಗ, ಗದಗ, ವಿಜಯಪುರ, ಬಾಗಲಕೋಟೆ ಮೊದಲಾದ ಜಿಲ್ಲೆಗಳು ಈರುಳ್ಳಿಗೆ ಹೆಸರಾದವು. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಬೆಂಗಳೂರು ಗುಲಾಬಿ ಈರುಳ್ಳಿಯು ಗಾತ್ರದಲ್ಲಿ ಕಿರಿದಾದುದರಿಂದ ಬಳೆಗೆ ಒದಗದು. ದೊಡ್ಡದಾದ, ಗಟ್ಟಿಯಾದ, ಮೊಳಕೆಯೊಡೆಯದ ಗಡ್ಡೆಗಳೇ ಯೋಗ್ಯ. ಹೆಚ್ಚುವ ಮುಂಚೆ ಅರ್ಧ ಗಂಟೆ ಶೀತಕದಲ್ಲಿಟ್ಟರೆ ಕಣ್ಣೀರು ತರಿಸುವ ಅನಿಲವು ಏಳುವುದು ತಗ್ಗುತ್ತದೆ.

ನಾಲ್ವರಿಗೆ ಎರಡು ದೊಡ್ಡ ಈರುಳ್ಳಿಗಳು, ಎಂದರೆ ಸುಮಾರು 300 ಗ್ರಾಂ ಸಾಕು. ಅಡ್ಡಲಾಗಿ, ಒಂದು ಸೆಂಟಿಮೀಟರು ದಪ್ಪಕ್ಕೆ ಬಿಲ್ಲೆಗಳನ್ನು ಕೊಯ್ದು, ಬಳೆಗಳನ್ನು ಬಿಡಿಸಬೇಕು. ತೀರ ಒಳಗಿನ ಚಿಕ್ಕ ಸುತ್ತುಗಳನ್ನು ಪಲ್ಯಕ್ಕೆ ತೆಗೆದಿರಿಸಬಹುದು. ಪ್ರತಿಯೊಂದು ಬಳೆಯ ಒಳಮೈಗೂ ತೆಳುವಾದ, ಜಾರುವ ಪೊರೆಯೊಂದು ಅಂಟಿರುತ್ತದೆ. ಅದನ್ನು ಬೆರಳಿನಿಂದ ಸುಲಿದರೆ ಹಿಟ್ಟು ಚೆನ್ನಾಗಿ ಹಿಡಿಯುತ್ತದೆ. ಬಳೆಗಳನ್ನು ಇಪ್ಪತ್ತು ನಿಮಿಷ ತಣ್ಣೀರಿನಲ್ಲಿ ನೆನೆಯಿಸಿದರೆ ಘಾಟು ಇಳಿಯುತ್ತದೆ. ಅನಂತರ ಬಟ್ಟೆಯಿಂದ ಒತ್ತಿ ತೇವವನ್ನು ಪೂರ್ಣವಾಗಿ ತೆಗೆಯಬೇಕು. ಈ ಹಂತದಲ್ಲಿ ಉಪ್ಪು ಸೇರಿಸಬಾರದು. ಉಪ್ಪು ಒಳಗಿನ ನೀರನ್ನು ಹೊರಗೆಳೆಯುತ್ತದೆ.

ಕವಚವು ಮೂರು ಪದರದ್ದು. ಮೊದಲನೆಯದು ನಾಲ್ಕು ಚಮಚ ಒಣ ಅಕ್ಕಿಹಿಟ್ಟು. ಉಳಿದ ತೇವವನ್ನು ಹೀರಿ ಮುಂದಿನ ಪದರಕ್ಕೆ ಹಿಡಿತ ಕೊಡುವುದು ಇದರ ಕಾರ್ಯ. ಎರಡನೆಯದು ಅಂಟು. ಪಾಶ್ಚಾತ್ಯರು ಇದಕ್ಕೆ ಮೊಟ್ಟೆಯನ್ನು ಬಳಸುತ್ತಾರೆ. ಸಸ್ಯಾಹಾರಿಗಳ ಮನೆಯಲ್ಲಿ ಅರ್ಧ ಬಟ್ಟಲು ಕಡಲೆಹಿಟ್ಟಿಗೆ ಎರಡು ಚಮಚ ಮೆಕ್ಕೆಜೋಳದ ಪಿಷ್ಟ, ಖಾರದ ಪುಡಿ, ಉಪ್ಪು ಬೆರೆಸಿ, ಮಜ್ಜಿಗೆಯಲ್ಲಿ ದೋಸೆಯ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿದರೆ ಮೊಟ್ಟೆಯ ಕೊರತೆ ಕಾಣದು. ಕಾದಾಗ ಕಡಲೆಯ ಸಸಾರಜನಕವೂ ಪಿಷ್ಟವೂ ಗಟ್ಟಿಯಾಗಿ ಬಂಧಿಸುತ್ತವೆ. ಮೂರನೆಯದು ಒಂದು ಬಟ್ಟಲು ಒಣ ಬ್ರೆಡ್ಡಿನ ತರಿ ಅಥವಾ ಕುಟ್ಟಿದ ರಸ್ಕು. ಈ ತರಿಯನ್ನು ಎರಡು ಟೀ ಚಮಚ ಎಣ್ಣೆಯೊಡನೆ ಬಾಣಲೆಯಲ್ಲಿ ನಸುಗೆಂಪಾಗುವಂತೆ ಹುರಿದಿಟ್ಟುಕೊಳ್ಳುವುದೇ ಈ ಪಾಕದ ಗುಟ್ಟು. ಗಾಳಿಯು ಅಲ್ಪಕಾಲದಲ್ಲಿ ಕೊಡಲಾರದ ಬಣ್ಣವನ್ನೂ ಗರಿಯನ್ನೂ ಅದು ಮೊದಲೇ ಪಡೆದಿರುತ್ತದೆ. ಮೂರೂ ಪದರ ಹಚ್ಚಿದ ಬಳೆಗಳನ್ನು ಹದಿನೈದು ನಿಮಿಷ ಶೀತಕದಲ್ಲಿಟ್ಟರೆ ಕವಚವು ನೆಲೆಗೊಳ್ಳುತ್ತದೆ.

ಯಂತ್ರವನ್ನು 190 ಡಿಗ್ರಿಯಲ್ಲಿ ನಾಲ್ಕು ನಿಮಿಷ ಬರಿದಾಗಿ ಕಾಯಿಸಬೇಕು. ಬುಟ್ಟಿಗೆ ತುಸು ಎಣ್ಣೆ ಸವರಿ, ಬಳೆಗಳನ್ನು ಒಂದರ ಮೇಲೊಂದು ಬೀಳದಂತೆ ಒಂದೇ ಪದರದಲ್ಲಿ ಜೋಡಿಸಬೇಕು. ಬುಟ್ಟಿ ತುಂಬಿದರೆ ಆವಿಗೆ ಹೊರದಾರಿಯಿಲ್ಲದೆ ಬಳೆಗಳು ಇಡ್ಲಿಯಂತೆ ಬೆಂದುಬಿಡುತ್ತವೆ. ಐದು ನಿಮಿಷಕ್ಕೊಮ್ಮೆ ಮಗುಚಿ, ಒಟ್ಟು ಎಂಟರಿಂದ ಹತ್ತು ನಿಮಿಷ ಬೇಯಿಸಿದರೆ ಹೊಂಬಣ್ಣ ಬರುತ್ತದೆ. ತೆಗೆದ ಮೇಲೆ ತಟ್ಟೆಯಲ್ಲಿ ರಾಶಿ ಹಾಕದೆ ತಂತಿಯ ಜಾಲರಿಯ ಮೇಲೆ ಹರಡಬೇಕು. ಇಲ್ಲವಾದರೆ ಅಡಿಯಲ್ಲಿ ಸಿಕ್ಕಿಕೊಂಡ ಆವಿಯು ಮತ್ತೆ ನೀರಾಗಿ ಶ್ರಮವನ್ನೆಲ್ಲ ಕೆಡಿಸುತ್ತದೆ. ಎರಡು ಈರುಳ್ಳಿಗಳ ಬಳೆಗಳಿಗೆ ಮೂರು ನಾಲ್ಕು ಸರದಿಗಳು ಬೇಕಾದಾವು. ತಾಳ್ಮೆಯಿಲ್ಲದವರಿಗೆ ಈ ಪಾಕವಿಲ್ಲ.

ಎಚ್ಚರಿಕೆಯ ಮಾತೊಂದುಂಟು. 1500 ವ್ಯಾಟಿನ ಯಂತ್ರವು 230 ವೋಲ್ಟಿನಲ್ಲಿ ಆರೂವರೆ ಆಂಪಿಯರಿನಷ್ಟು ವಿದ್ಯುತ್ತನ್ನು ಸೆಳೆಯುತ್ತದೆ. ಆದುದರಿಂದ ದೀಪಕ್ಕೂ ರೇಡಿಯೋಗೂ ಇರುವ 6 ಆಂಪಿಯರಿನ ಸಣ್ಣ ಸಾಕೆಟ್ಟು ಸಲ್ಲದು. 16 ಆಂಪಿಯರಿನ ದೊಡ್ಡ ಸಾಕೆಟ್ಟನ್ನೇ ಬಳಸಬೇಕು. ಯಂತ್ರದ ಹಿಂದೆ ಬಿಸಿಗಾಳಿ ಹೊರಡಲು ತೆರಪಿರಬೇಕು. ಬುಟ್ಟಿಯನ್ನು ಹೊರಗೆಳೆಯುವ ಕೆಲಸ ಹಿರಿಯರದಾಗಲಿ, ಮಕ್ಕಳದಲ್ಲ.

ಇಷ್ಟು ಪರಿಶ್ರಮದ ಫಲವೇನೆಂದು ಕೇಳಬಹುದು. ಬಜ್ಜಿ ಕರಿದು ಉಳಿದ ಎಣ್ಣೆಯನ್ನು ಚೆಲ್ಲಲು ಮನಸ್ಸು ಬಾರದೆ ಮತ್ತೆ ಮತ್ತೆ ಕಾಯಿಸುವ ರೂಢಿ ಅನೇಕ ಮನೆಗಳಲ್ಲಿದೆ. ಹಾಗೆ ಕಾದಷ್ಟೂ ಎಣ್ಣೆಯು ಒಡೆದು ಅಹಿತಕರ ವಸ್ತುಗಳು ಹೆಚ್ಚುತ್ತವೆ. ಇಂತಹ ಧ್ರುವೀಯ ಸಂಯುಕ್ತಗಳು ಶೇಕಡ 25ನ್ನು ಮೀರಿದ ಎಣ್ಣೆಯನ್ನು ಬಳಸಕೂಡದೆಂಬ ನಿಯಮವು ಭಾರತದಲ್ಲಿ 2018ರ ಜುಲೈ 1ರಿಂದ ಜಾರಿಗೆ ಬಂದಿತು. ಗಾಳಿಯ ಪಾಕದಲ್ಲಿ ಉಳಿಯುವ ಎಣ್ಣೆಯೇ ಇಲ್ಲವಾದುದರಿಂದ ಆ ಪ್ರಶ್ನೆಯೇ ಏಳದು. ಒಂದು ಗ್ರಾಂ ಕೊಬ್ಬು 9 ಕಿಲೋಕ್ಯಾಲರಿ ಶಕ್ತಿಯನ್ನು ಕೊಡುವುದರಿಂದ ಚಮಚಗಳ ಲೆಕ್ಕದ ಎಣ್ಣೆಗೂ ಬಾಣಲೆಯ ಎಣ್ಣೆಗೂ ಇರುವ ಅಂತರವು ಅಲ್ಪವಲ್ಲ. ಆದರೂ ಇದನ್ನು ಪಥ್ಯವೆಂದಾಗಲಿ ಔಷಧವೆಂದಾಗಲಿ ಭ್ರಮಿಸಬಾರದು. ಹಿಟ್ಟು ಹಿಟ್ಟೇ, ಉಪ್ಪು ಉಪ್ಪೇ. ಪಿಷ್ಟದ ಪದಾರ್ಥಗಳನ್ನು ಅತಿಯಾಗಿ ಕಾಯಿಸಿದಾಗ ಅಕ್ರಿಲಮೈಡ್ ಎಂಬ ಅನಪೇಕ್ಷಿತ ವಸ್ತು ಹುಟ್ಟುವುದನ್ನು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಆದುದರಿಂದ ಹೊಂಬಣ್ಣಕ್ಕೆ ನಿಲ್ಲಿಸಬೇಕು. ಕಂದು ಕಪ್ಪಾಗಲು ಬಿಡಬಾರದು.

ಮಳೆಗಾಲದ ಸಂಜೆ ಮನೆಮಂದಿಯೆಲ್ಲ ಬಜ್ಜಿಯ ತಟ್ಟೆಯ ಸುತ್ತ ಕುಳಿತಾಗ, ವೈದ್ಯರ ಆಜ್ಞೆಗೆ ಕಟ್ಟುಬಿದ್ದು ದೂರದ ಕುರ್ಚಿಯಲ್ಲಿ ಕುಳಿತಿರುವ ಅಜ್ಜನೋ ಅಜ್ಜಿಯೋ ಅನೇಕ ಮನೆಗಳಲ್ಲಿ ಇದ್ದೇ ಇರುತ್ತಾರೆ. 'ನನಗೆ ಬೇಡ' ಎಂದು ಅವರು ನುಡಿಯುವ ಮಾತು ಬಯಕೆಯಿಲ್ಲದ್ದರಿಂದ ಹೊರಟುದಲ್ಲ. ಈ ಬಳೆಗಳು ಬಾಣಲೆಯ ಬಜ್ಜಿಗೆ ಸಮವಲ್ಲವೆಂಬುದು ನಿಜ. ಆದರೆ ವೈದ್ಯರನ್ನು ಕೇಳಿ, ಉಪ್ಪನ್ನು ಮಿತಗೊಳಿಸಿ, ನಾಲ್ಕು ಬಳೆಗಳನ್ನು ಅವರ ತಟ್ಟೆಯಲ್ಲಿಟ್ಟು ಆ ಕುರ್ಚಿಯನ್ನು ಪಂಕ್ತಿಗೆ ಎಳೆದುಕೊಳ್ಳಲು ಸಾಧ್ಯವಾದರೆ, ಯಂತ್ರವನ್ನು ಕೊಂಡುದೂ ಅದರ ಕ್ರಮವನ್ನು ಕಲಿತುದೂ ಸಾರ್ಥಕ.