ನಿಮಗಿದು ಗೊತ್ತೆ? ಹಾಲಿನಲ್ಲೇ ಇದೆ ಪಾಲಿಮರ್ ಗುಟ್ಟು

ಹಾಲು ಒಂದು ಎಮಲ್ಷನ್, ಅಂದರೆ ನೀರಿನಲ್ಲಿ ಕೊಬ್ಬಿನ ಸೂಕ್ಷ್ಮ ಹನಿಗಳು ತೇಲುವ ಮಿಶ್ರಣ. ಹಸುವಿನ ಹಾಲಿನಲ್ಲಿ ಇಂಥ ಹನಿಯೊಂದರ ಅಗಲ ಸಾಮಾನ್ಯವಾಗಿ ಮಿಲಿಮೀಟರಿನ ಸಾವಿರದಲ್ಲಿ ಮೂರು ನಾಲ್ಕು ಪಾಲು ಮಾತ್ರ. ಹನಿಗಳು ಒಂದರೊಳಗೊಂದು ಕೂಡಿಹೋಗದಂತೆ ತಡೆಯುವುದು ಅವನ್ನು ಸುತ್ತಿದ ತೆಳುಪೊರೆ.

ಹಾಲಿನ ಬೀಟಾ ಕೇಸೀನ್ ಎಂಬ ಪ್ರೋಟೀನು ಇನ್ನೂ ಸೋಜಿಗದ್ದು. 209 ಅಮೈನೊ ಆಮ್ಲಗಳ ಈ ಸರಪಳಿಯ ಒಂದು ತುದಿಗೆ ನೀರು ಇಷ್ಟ. ಉಳಿದ ಉದ್ದದ ಭಾಗ ನೀರಿನಿಂದ ಮರೆಯಾಗಲು ನೋಡುತ್ತದೆ. ಹಾಗಾಗಿ ಇಂಥ ಸರಪಳಿಗಳು ನೀರಿನಲ್ಲಿ ತಾವಾಗಿಯೇ ಗುಂಪುಗೂಡಿ ಮೈಸೆಲ್ ಎಂಬ ಉಂಡೆಗಳಾಗುತ್ತವೆ.

ಇಂಥ ಉದ್ದ ಸರಪಳಿಯ ಅಣುವೇ ಪಾಲಿಮರ್; ಪ್ರಯೋಗಾಲಯದ ಬ್ಲಾಕ್ ಕೋಪಾಲಿಮರ್‌ಗಳದೂ ಇದೇ ಗುಣ: ಒಂದೇ ಸರಪಳಿ, ಎರಡು ಸ್ವಭಾವದ ತುಂಡುಗಳು. ತುಂಡುಗಳ ಉದ್ದದ ಪ್ರಮಾಣವನ್ನು ಬದಲಿಸಿದರೆ ಉಂಡೆಯ ಬದಲು ಒಳಗೆ ನೀರು ತುಂಬಿದ ಪುಟ್ಟ ಚೀಲಗಳು ಮೂಡುತ್ತವೆ. 1999ರಲ್ಲಿ ಅಮೆರಿಕದ ವಿಜ್ಞಾನಿಗಳು ಇವನ್ನು ಪಾಲಿಮರ್ಸೋಮ್ ಎಂದು ಕರೆದು, ಜೀವಕೋಶದ ಪೊರೆಯಂಥ ಲಿಪಿಡ್ ಪೊರೆಗಳಿಗಿಂತ ಇವು ಬಹಳ ಗಟ್ಟಿ ಎಂದು ತೋರಿಸಿದರು. ದೇಹದೊಳಗೆ ಔಷಧ ಸಾಗಿಸಲು ಇವನ್ನು ಬಳಸುವ ಸಂಶೋಧನೆ ನಡೆದಿದೆ. ಗಟ್ಟಿತನವೇ ಇವುಗಳ ದೊಡ್ಡ ಬಲ.

ಇನ್ನು ಮನೆಯ ಕಡೆಗೋಲಿನ ಕೆಲಸ. ಮೊಸರು ಕಡೆಯುವಾಗ ಕೊಬ್ಬಿನ ಹನಿಗಳ ಪೊರೆ ಹರಿಯುತ್ತದೆ, ಹನಿಗಳು ಒಂದಕ್ಕೊಂದು ಅಂಟಿಕೊಂಡು ಬೆಣ್ಣೆ ತೇಲುತ್ತದೆ. ಬಿಸಿಲೇರಿದರೆ ಕೊಬ್ಬು ಮೆತ್ತಗಾಗಿ ಬೆಣ್ಣೆ ಕೂಡುವುದಿಲ್ಲ. ಬೆಳಗಿನ ತಂಪಿನಲ್ಲಿ ಕಡೆಯುವುದೂ ತಣ್ಣೀರು ಹಾಕುವುದೂ ಅದಕ್ಕೇ. ಬೆಣ್ಣೆಯೂ ಎಮಲ್ಷನ್ನೇ, ಆದರೆ ತಲೆಕೆಳಗು: ಕೊಬ್ಬಿನೊಳಗೆ ನೀರಿನ ಹನಿಗಳು. ಕಾಯಿಸಿದಾಗ ಚಟಪಟ ಸದ್ದು ಮಾಡುತ್ತ ಆ ನೀರು ಆವಿಯಾಗುತ್ತದೆ. ಸದ್ದು ನಿಂತಾಗ ಉಳಿಯುವುದು ತುಪ್ಪ.