ಬ್ಯಾಗಿನಲ್ಲಿ ಬಂದ ಜ್ವರ

ಕಳೆದ ವರ್ಷ ಆಗಸ್ಟ್‌ನಲ್ಲಿ ನಮ್ಮ ಹಾಸ್ಟೆಲ್‌ನ ಎರಡನೇ ಮಹಡಿ ಪೂರ್ತಿ ಕೆಮ್ಮುತ್ತಿತ್ತು. ಮೊದಲು ರೂಂಮೇಟ್‌ಗೆ ಬಂತು, ಎರಡೇ ದಿನಕ್ಕೆ ನನಗೂ ಬಂತು. ಮೈಕೈ ನೋವು, ಗಂಟಲು ಕೆರೆತ, ಕಂಬಳಿ ಹೊದ್ದರೂ ನಿಲ್ಲದ ಚಳಿ. ಇಂಥ ಹೊತ್ತಿನಲ್ಲಿ ಹಾಸ್ಟೆಲ್ ಹುಡುಗರಿಗೆ ನೆನಪಾಗುವುದು ಅಮ್ಮನ ಮೆಣಸಿನ ಸಾರು. ಶುಕ್ರವಾರ ಸಂಜೆ ಯಶವಂತಪುರದಲ್ಲಿ ರೈಲು ಹತ್ತಿ ತಿಪಟೂರಿಗೆ ಹೊರಟೇಬಿಟ್ಟೆ.

ಒಗೆಯುವ ಬಟ್ಟೆಯ ಬ್ಯಾಗಿನ ಜೊತೆ ಇನ್ನೊಂದನ್ನೂ ಮನೆಗೆ ತಂದಿದ್ದೇನೆ ಎಂದು ಆಗ ಹೊಳೆಯಲಿಲ್ಲ. ಸಾರು ಕುಡಿದೆ, ಮಲಗಿದೆ, ಮೂರು ದಿನದಲ್ಲಿ ಎದ್ದು ಕ್ಲಾಸಿಗೆ ವಾಪಸಾದೆ. ಮರುದಿನವೇ ಅಪ್ಪ ಮಲಗಿದರು. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇರುವ ಅಪ್ಪನಿಗೆ ಅದು ಬರೀ ಜ್ವರವಾಗಿ ಉಳಿಯಲಿಲ್ಲ. ನ್ಯುಮೋನಿಯಾ ಆಯಿತು. ಆರು ದಿನ ಆಸ್ಪತ್ರೆ, ಅದರಲ್ಲಿ ಎರಡು ದಿನ ಆಕ್ಸಿಜನ್. ನಮ್ಮ ಪುಟ್ಟ ಅಂಗಡಿಯ ಬಾಗಿಲು ಹದಿನೈದು ದಿನ ತೆರೆಯಲಿಲ್ಲ. ಸಂಬಂಧಿಕರೆಲ್ಲ ‘ಹವಾಮಾನ ಸರಿಯಿಲ್ಲ ಬಿಡಿ’ ಎಂದರು. ಹವಾಮಾನ ಯಾವ ರೈಲಿನಲ್ಲಿ ಬಂತು ಎಂಬುದು ನನಗೊಬ್ಬನಿಗೇ ಗೊತ್ತಿತ್ತು.

ಡಿಸ್ಚಾರ್ಜ್ ಆಗುವಾಗ ಅಲ್ಲಿಯ ವೈದ್ಯರು, ‘ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿ’ ಎಂದಿದ್ದರು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮಕ್ಕಳ ಬಿಸಿಜಿ, ಪೋಲಿಯೊ ಲಸಿಕೆಗಳ ಹಾಗೆ ಇದು ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿಲ್ಲ. ನಮ್ಮಂಥವರು ದುಡ್ಡು ಕೊಟ್ಟೇ ಹಾಕಿಸಿಕೊಳ್ಳಬೇಕು. ಪಕ್ಕದ ಬೀದಿಯ ಹೈಸ್ಕೂಲ್ ಹುಡುಗನಿಗೆ ಗಣಿತ ಹೇಳಿಕೊಟ್ಟ ದುಡ್ಡಿನಲ್ಲಿ ಒಂದು ಡೋಸ್‌ಗಾಗುವಷ್ಟು ಎತ್ತಿಟ್ಟೆ. ಈ ವರ್ಷ ಮೇ ತಿಂಗಳಲ್ಲಿ, ಮುಂಗಾರು ಶುರುವಾಗುವ ಮೊದಲೇ, ಅಪ್ಪನನ್ನು ನಮ್ಮ ಬೀದಿಯ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಹುಟ್ಟಿದಾಗಿನಿಂದ ನನ್ನ ಜ್ವರ, ನೆಗಡಿ ನೋಡಿದ ಕ್ಲಿನಿಕ್ಕು ಅದು. ಅದೇ ಹಸಿರು ಪರದೆ, ಅದೇ ಮರದ ಬೆಂಚು.

ಅಪ್ಪನಿಗೆ ಮಾತ್ರ ಸಮಾಧಾನವಿರಲಿಲ್ಲ. ‘ಕೋವಿಡ್‌ಗೆ ಹಾಕಿಸಿಕೊಂಡಿದ್ದೀವಲ್ಲ ಡಾಕ್ಟ್ರೇ, ಮತ್ತೆ ಇದ್ಯಾಕೆ?’ ಎಂದರು. ಡಾಕ್ಟರು ನಕ್ಕರು. ಕೋವಿಡ್ ತರುವ ವೈರಸ್ ಬೇರೆ, ಫ್ಲೂ ತರುವ ಇನ್‌ಫ್ಲುಯೆಂಜಾ ವೈರಸ್ ಬೇರೆ. ಒಂದರ ಲಸಿಕೆ ಇನ್ನೊಂದನ್ನು ತಡೆಯುವುದಿಲ್ಲ ಎಂದರು.

‘ಸರಿ, ಪ್ರತಿ ವರ್ಷ ಯಾಕೆ?’ ಇದು ನನ್ನ ಪ್ರಶ್ನೆ.

‘ಹೋದ ವರ್ಷದ ಪ್ರಶ್ನೆಪತ್ರಿಕೆ ಬಾಯಿಪಾಠ ಮಾಡಿ ಈ ವರ್ಷ ಪರೀಕ್ಷೆಗೆ ಕೂರ್ತೀಯಾ? ಒಂದೆರಡು ಪ್ರಶ್ನೆ ರಿಪೀಟ್ ಆಗಬಹುದು, ಪೂರ್ತಿ ಪೇಪರ್ ಅಲ್ಲವಲ್ಲ!’

ಫ್ಲೂ ವೈರಸ್ ತನ್ನ ಹೊರಮೈಯನ್ನು ಸ್ವಲ್ಪ ಸ್ವಲ್ಪವೇ ಬದಲಿಸಿಕೊಳ್ಳುತ್ತಲೇ ಇರುತ್ತದೆ. ಲಸಿಕೆ ಕೊಟ್ಟ ರಕ್ಷಣೆಯೂ ತಿಂಗಳುಗಳು ಕಳೆದಂತೆ ಕುಗ್ಗುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ವರ್ಷಕ್ಕೆ ಎರಡು ಸಲ ಸೇರಿ, ಮುಂದಿನ ಸೀಸನ್‌ನ ಲಸಿಕೆಯಲ್ಲಿ ಯಾವ ತಳಿಗಳಿರಬೇಕು ಎಂದು ಹೇಳುತ್ತಾರೆ. ಫೆಬ್ರುವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣ ಗೋಳಾರ್ಧಕ್ಕೆ. ನಮ್ಮಲ್ಲಿ ಮಳೆಗಾಲದಲ್ಲೂ ಫ್ಲೂ ಏರುವುದರಿಂದ ಜೂನ್‌ಗೆ ಮೊದಲೇ ಹಾಕಿಸಿಕೊಂಡರೆ ಒಳ್ಳೆಯದಂತೆ. ಚುಚ್ಚಿದ ಮೇಲೆ ದೇಹ ತಯಾರಾಗಲು ಎರಡು ವಾರ ಬೇಕು.

‘ಲಸಿಕೆಯಿಂದಲೇ ಜ್ವರ ಬರುತ್ತಂತಲ್ಲ?’ ಅಪ್ಪ ಇನ್ನೂ ಬಿಡಲಿಲ್ಲ. ಈ ಇಂಜೆಕ್ಷನ್‌ನಲ್ಲಿ ಜೀವಂತ ವೈರಸ್ ಇಲ್ಲ, ಹಾಗಾಗಿ ಫ್ಲೂ ಬರಲು ಸಾಧ್ಯವಿಲ್ಲ. ಒಂದೆರಡು ದಿನ ತೋಳು ನೋಯಬಹುದು, ಮೈ ಬೆಚ್ಚಗಾಗಬಹುದು ಎಂದರು ಡಾಕ್ಟರು. ಫ್ರಿಜ್‌ನಿಂದ ಲಸಿಕೆ ತೆಗೆದು, ಅವಧಿಯ ದಿನಾಂಕವನ್ನು ನನಗೇ ತೋರಿಸಿ, ಅಪ್ಪನ ತೋಳಿಗೆ ಚುಚ್ಚಿದರು. ಅಪ್ಪ ಕಣ್ಣು ಮುಚ್ಚುವಷ್ಟರಲ್ಲಿ ಮುಗಿದಿತ್ತು.

‘ನಿನಗೆ?’ ಡಾಕ್ಟರು ನನ್ನತ್ತ ತಿರುಗಿದರು.

‘ನನಗ್ಯಾಕೆ ಸಾರ್? ನಾನು ಚೆನ್ನಾಗಿಯೇ ಇದ್ದೀನಲ್ಲ.’

‘ಹೋದ ವರ್ಷ ಮನೆಯಲ್ಲಿ ಮೊದಲು ಜ್ವರ ಬಂದಿದ್ದು ಯಾರಿಗೆ?’

ನಾನು ತಲೆ ತಗ್ಗಿಸಿದೆ. ಹತ್ತು ತಿಂಗಳಿಂದ ನನ್ನೊಳಗೇ ಇಟ್ಟುಕೊಂಡಿದ್ದ ಮಾತು ಅದು. ಅಪ್ಪ ಏನೂ ಹೇಳಲಿಲ್ಲ. ಅಂಗಿಯ ಜೇಬಿಗೆ ಕೈಹಾಕಿ ಮಡಚಿದ ನೋಟುಗಳನ್ನು ತೆಗೆದು ಮೇಜಿನ ಮೇಲಿಟ್ಟು, ‘ಇವನಿಗೂ ಹಾಕಿ’ ಎಂದರು. ಆ ದುಡ್ಡನ್ನು ಅವರು ಮನೆಯಿಂದಲೇ ಎಣಿಸಿ ತಂದಿದ್ದರು. ಅಂದರೆ ಅಪ್ಪನಿಗೂ ಮೊದಲೇ ಗೊತ್ತಿತ್ತು. ಒಂದು ದಿನವೂ ಅವರು ನನಗೆ ಅದನ್ನು ಹೇಳಿರಲಿಲ್ಲ.

2022ರ ಜನವರಿಯಲ್ಲಿ 15ರಿಂದ 18 ವರ್ಷದವರಿಗೆ ಕೋವಿಡ್ ಲಸಿಕೆ ಶುರುವಾದಾಗ ನಾನು ಮೊದಲ ಪಿಯುಸಿಯಲ್ಲಿದ್ದೆ. ಕಾಲೇಜಿನ ಕಾರಿಡಾರ್‌ನಲ್ಲಿ ಸಾಲಾಗಿ ನಿಂತು, ಸೆಲ್ಫಿ ತೆಗೆದುಕೊಂಡು, ಕೋವ್ಯಾಕ್ಸಿನ್ ಚುಚ್ಚಿಸಿಕೊಂಡಿದ್ದೆವು. ‘ನಿನ್ನಿಂದ ಮನೆಯ ಹಿರಿಯರಿಗೆ ಬರಬಾರದು’ ಎಂದು ಆಗ ಎಲ್ಲರೂ ಹೇಳುತ್ತಿದ್ದರು. ಕೋವಿಡ್‌ನ ಭಯ ಹೋಯಿತು, ಅದರ ಜೊತೆಗೆ ಈ ಮಾತೂ ಹೋಯಿತು. ಆದರೆ ಮಾತು ಇವತ್ತಿಗೂ ಸುಳ್ಳಾಗಿಲ್ಲ. ಇನ್‌ಫ್ಲುಯೆಂಜಾ ಬಿ ಗುಂಪಿನ ‘ಯಮಗಾಟಾ’ ಎಂಬ ತಳಿ 2020ರ ಮಾರ್ಚ್ ನಂತರ ಜಗತ್ತಿನಲ್ಲಿ ಎಲ್ಲಿಯೂ ಖಚಿತವಾಗಿ ಪತ್ತೆಯಾಗಿಲ್ಲ. ಕೋವಿಡ್ ಕಾಲದಲ್ಲಿ ನಾವು ಮಾಸ್ಕ್ ಹಾಕಿದ್ದು, ದೂರ ನಿಂತಿದ್ದು, ಪ್ರಯಾಣ ನಿಲ್ಲಿಸಿದ್ದು ಇದಕ್ಕೆ ಮುಖ್ಯ ಕಾರಣ ಇರಬೇಕೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಮನುಷ್ಯರು ಹೊತ್ತು ತಿರುಗದಿದ್ದರೆ ವೈರಸ್‌ಗೆ ಕಾಲಿಲ್ಲ!

ನಮ್ಮ ವಯಸ್ಸಿನವರಿಗೆ ಫ್ಲೂ ಬಂದರೆ ನಾಲ್ಕು ದಿನ ಕ್ಲಾಸ್ ತಪ್ಪುತ್ತದೆ, ಅಷ್ಟೇ. ಆದರೆ ಓದಲು, ಕೆಲಸ ಹುಡುಕಲು ಊರು ಬಿಟ್ಟ ನಾವೇ ಹಬ್ಬಕ್ಕೆ, ವೀಕೆಂಡ್‌ಗೆ ಮನೆಗೆ ಓಡುವವರು. ಅಲ್ಲಿ ಸಕ್ಕರೆ ಕಾಯಿಲೆಯ ಅಪ್ಪ, ಉಬ್ಬಸದ ಅಜ್ಜಿ, ಬಸುರಿ ಅಕ್ಕ ಇರುತ್ತಾರೆ. ನಮಗೆ ನಾಲ್ಕು ದಿನದ ಜ್ವರ ಅವರಿಗೆ ಆಸ್ಪತ್ರೆಯ ದಾರಿಯಾಗಬಹುದು. ಮುಂದಿನ ಸಲ ನಿಮ್ಮ ಡಾಕ್ಟರ ಬಳಿ ಹೋದಾಗ ಮನೆಯವರ ಪರವಾಗಿ ಒಮ್ಮೆ ಕೇಳಿ ನೋಡಿ, ನಿಮ್ಮ ಪರವಾಗಿಯೂ.

ಲಸಿಕೆ ಎಂದರೆ ಉಕ್ಕಿನ ಕೋಟೆಯೇನಲ್ಲ. ಹಾಕಿಸಿಕೊಂಡವರಿಗೂ ಫ್ಲೂ ಬರಬಹುದು. ಆದರೆ ಅದು ಗಂಭೀರವಾಗುವ ಸಾಧ್ಯತೆ ಕಡಿಮೆಯಾಗುತ್ತದೆ. ಕಳೆದ ವಾರ ಹಾಸ್ಟೆಲ್‌ನಲ್ಲಿ ಮತ್ತೆ ಕೆಮ್ಮು ಶುರುವಾಯಿತು. ನನಗೂ ಗಂಟಲು ಕೆರೆಯಿತು. ಶುಕ್ರವಾರದ ರೈಲಿಗೆ ಬ್ಯಾಗ್ ರೆಡಿ ಇತ್ತು. ಬಟ್ಟೆ ಹೊರಗೆ ತೆಗೆದು ಅಪ್ಪನಿಗೆ ಫೋನ್ ಮಾಡಿದೆ. ‘ಈ ವಾರ ಬರಲ್ಲಪ್ಪ, ಹುಷಾರಾದ ಮೇಲೆ ಬರ್ತೀನಿ.’

ಆ ಕಡೆ ಒಂದು ಕ್ಷಣ ಮೌನ. ‘ಮೆಣಸಿನ ಸಾರು ಎಲ್ಲೂ ಓಡಿಹೋಗಲ್ಲ, ರೆಸ್ಟ್ ತಗೋ’ ಎಂದರು ಅಪ್ಪ.