ಗಾಲಿಯ ಮೇಲೆ ಮಗುವಿನ ಮೊದಲ ಹೆಜ್ಜೆ

ರಜೆಯ ದಿನಗಳು ಬಂದೊಡನೆ ಬೆಂಗಳೂರು, ಮೈಸೂರು, ಬೆಳಗಾವಿಯಂತಹ ಊರುಗಳ ಸ್ಕೇಟಿಂಗ್ ಅಂಗಳಗಳಲ್ಲಿ ಪುಟ್ಟ ಮಕ್ಕಳ ಕಲರವ ಹೆಚ್ಚುತ್ತದೆ. ಗಾಲಿಯ ಮೇಲೆ ಜಾರುವ ಈ ಆಟವು ಕಾಲಿನ ಸ್ನಾಯುಗಳಿಗೆ ಬಲವನ್ನೂ ದೇಹಕ್ಕೆ ಸಮತೋಲನವನ್ನೂ ಕೊಡುವ ಉತ್ತಮ ವ್ಯಾಯಾಮ. ಆದರೆ ಯಾವ ಮಗುವೂ ಬೀಳದೆ ಇದನ್ನು ಕಲಿಯಲಾರದು. ಆದುದರಿಂದ ಓಡುವುದಕ್ಕಿಂತ ಮೊದಲು ಸರಿಯಾಗಿ ಬೀಳುವುದನ್ನೂ ತಾನಾಗಿ ಏಳುವುದನ್ನೂ ಮಗುವಿಗೆ ಕಲಿಸುವುದು ಪಾಲಕರಾದ ನಮ್ಮ ಕರ್ತವ್ಯ.

ಬಿದ್ದಾಗ ಏನಾಗುತ್ತದೆ?

ಮುಗ್ಗರಿಸಿದಾಗ ಅಂಗೈ ಚಾಚಿ ನೆಲಕ್ಕೆ ಊರುವುದು ಮನುಷ್ಯನ ಸಹಜ ಪ್ರವೃತ್ತಿ. ಆಗ ದೇಹದ ಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ಸ್ಕೇಟಿಂಗಿನಲ್ಲಿ ಮಣಿಕಟ್ಟು ಹಾಗೂ ಮುಂಗೈಯ ಮೂಳೆಗಳು ಹೆಚ್ಚಾಗಿ ಮುರಿಯುವುದಕ್ಕೆ ಇದೇ ಕಾರಣ. ಮಕ್ಕಳ ಮೂಳೆ ಬಾಗುವ ಗುಣವುಳ್ಳದ್ದು. ಹಸಿ ಕಡ್ಡಿಯನ್ನು ಬಗ್ಗಿಸಿದಾಗ ಅದು ತುಂಡಾಗದೆ ಒಂದು ಬದಿಯಲ್ಲಿ ಮಾತ್ರ ಸೀಳುವಂತೆ, ಎಳೆಯ ಮೂಳೆಯೂ ಬಿರುಕು ಬಿಡುವುದುಂಟು. ಇದಲ್ಲದೆ ಮೂಳೆಯ ತುದಿಯ ಬಳಿ ಬೆಳವಣಿಗೆಯ ಪದರವೊಂದಿದೆ. ಮೂಳೆ ಉದ್ದವಾಗುವುದು ಅಲ್ಲಿಂದ. ಅದಕ್ಕೆ ಪೆಟ್ಟು ಬಿದ್ದು ಚಿಕಿತ್ಸೆ ತಪ್ಪಿದರೆ ಮುಂದೆ ಕೈಯ ಬೆಳವಣಿಗೆ ಕುಂಠಿತವಾಗಬಹುದು.

ಸಿದ್ಧತೆ

ಸಾಮಾನ್ಯವಾಗಿ 5 ವರ್ಷದ ಹೊತ್ತಿಗೆ ಮಕ್ಕಳು ಈ ಆಟಕ್ಕೆ ಬೇಕಾದ ಹಿಡಿತವನ್ನು ಪಡೆದಿರುತ್ತಾರೆ. ಅದಕ್ಕಿಂತ ಚಿಕ್ಕವರಾದರೆ ಪಾಲಕರ ಆಸರೆ ಪೂರ್ತಿಯಾಗಿ ಬೇಕು. ಮುಂದೆರಡು, ಹಿಂದೆರಡು ಗಾಲಿಗಳಿರುವ ಸ್ಕೇಟ್ಸ್ ಹೊಸಬರಿಗೆ ಅನುಕೂಲ. ದೇಹವನ್ನು ವಾಲಿಸಿದತ್ತ ತಿರುಗುವ ಈ ಬಗೆಯ ಸ್ಕೇಟ್ಸನ್ನು ಅಮೆರಿಕದ ಜೇಮ್ಸ್ ಪ್ಲಿಂಪ್ಟನ್ 1863ರಲ್ಲಿ ರೂಪಿಸಿದನು. ಗಾಲಿಗಳು ಒಂದೇ ಸಾಲಿನಲ್ಲಿರುವ ಸ್ಕೇಟ್ಸ್‌ನಲ್ಲಿ ನಿಲ್ಲಲು ಹೆಚ್ಚಿನ ಸಮತೋಲನ ಬೇಕಾಗುತ್ತದೆ.

ಮಗು ಬೆಳೆಯುತ್ತದೆಯೆಂದು ದೊಡ್ಡ ಅಳತೆಯ ಸ್ಕೇಟ್ಸ್ ಕೊಳ್ಳುವ ರೂಢಿ ಸಲ್ಲದು. ಸಡಿಲವಾದ ಬೂಟಿನಲ್ಲಿ ಕಾಲಿನ ಗಿಣ್ಣು ಹೊರಳುತ್ತದೆ. ಹೆಲ್ಮೆಟ್, ಮಣಿಕಟ್ಟು, ಮೊಣಕೈ ಹಾಗೂ ಮೊಣಕಾಲಿನ ಕವಚಗಳು ಮೊದಲ ದಿನದಿಂದಲೇ ಇರಲಿ. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳಷ್ಟು ಮೇಲಿರಬೇಕು. ಗದ್ದದ ಪಟ್ಟಿ ಬಿಗಿಯಾಗಿರಬೇಕು. ವಾಹನಗಳು ಓಡಾಡುವ ಬೀದಿ, ಇಳಿಜಾರು, ಒದ್ದೆ ನೆಲ ಇವು ಯಾವುವೂ ಕಲಿಕೆಗೆ ಯೋಗ್ಯವಲ್ಲ.

ಮೊದಲ ದಿನದ ಪಾಠ

ಮನೆಯಲ್ಲಿ ಜಮಖಾನ ಹಾಸಿ ಅದರ ಮೇಲೆ ಮಗುವನ್ನು ಸ್ಕೇಟ್ಸ್ ತೊಡಿಸಿ ನಿಲ್ಲಿಸೋಣ. ಅಲ್ಲಿ ಗಾಲಿ ಸುಲಭವಾಗಿ ಉರುಳದು. ಹಿಮ್ಮಡಿಗಳು ಹತ್ತಿರ, ಕಾಲ ಬೆರಳುಗಳು ಹೊರಕ್ಕೆ, ಮೊಣಕಾಲು ತುಸು ಬಾಗಿರಲಿ. ಆ ನಿಲುವಿನಲ್ಲಿಯೇ ಬಾತುಕೋಳಿಯಂತೆ ಪುಟ್ಟ ಹೆಜ್ಜೆಗಳನ್ನು ಇಡಿಸೋಣ.

ಅನಂತರ ಬೀಳುವ ಪಾಠ. ತೂಗಾಟ ಬಂದಾಗ ಕೈಗಳನ್ನು ಮೊಣಕಾಲ ಮೇಲಿಟ್ಟು ಕುಗ್ಗಬೇಕು. ಆದರೂ ತಡೆಯಲಾಗದಿದ್ದರೆ ಕವಚವಿರುವ ಮೊಣಕಾಲುಗಳ ಮೇಲೆ ಮುಂದಕ್ಕೆ ಬೀಳಬೇಕು. ಬಿದ್ದೊಡನೆ ಬೆರಳುಗಳನ್ನು ಮುಷ್ಟಿ ಕಟ್ಟಿದರೆ ಇತರರ ಗಾಲಿಗೆ ಸಿಗುವುದಿಲ್ಲ. ಏಳುವಾಗ ಮೊಣಕಾಲೂರಿ, ಒಂದು ಪಾದವನ್ನು ಮುಂದಿಟ್ಟು, ಆ ಮೊಣಕಾಲಿನ ಮೇಲೆ ಎರಡೂ ಕೈಗಳನ್ನು ಒತ್ತಿ ಎದ್ದು ನಿಲ್ಲಬೇಕು. ಇದನ್ನು ಹತ್ತಾರು ಬಾರಿ ಆಟದಂತೆ ಮಾಡಿಸಿದರೆ ಬೀಳುವ ಭಯ ತಗ್ಗುತ್ತದೆ. ಮೊದಲ ದಿನ 20 ರಿಂದ 30 ನಿಮಿಷಗಳ ಅಭ್ಯಾಸ ಸಾಕು.

ಕೈ ಹಿಡಿದು ಜಗ್ಗುವುದು ಬೇಡ

ಬೀಳುತ್ತಿರುವ ಮಗುವಿನ ಕೈಯನ್ನು ಫಕ್ಕನೆ ಮೇಲಕ್ಕೆ ಎಳೆಯುವುದು ನಮ್ಮೆಲ್ಲರ ಅಭ್ಯಾಸ. ಪ್ರೀತಿಯಿಂದ ಮಾಡಿದರೂ ಇದು ಅಪಾಯಕಾರಿ. ಸುಮಾರು 5 ವರ್ಷದೊಳಗಿನ ಮಕ್ಕಳಲ್ಲಿ ಮೊಣಕೈಯ ಮೂಳೆಯನ್ನು ಸುತ್ತಿ ಹಿಡಿದಿರುವ ಅಸ್ಥಿರಜ್ಜು ಇನ್ನೂ ಸಡಿಲವಾಗಿರುತ್ತದೆ. ಜಗ್ಗಿದಾಗ ಮೂಳೆ ತನ್ನ ಸ್ಥಾನದಿಂದ ಸ್ವಲ್ಪ ಜಾರಬಹುದು. ಊತವೇನೂ ಕಾಣದಿದ್ದರೂ ಮಗು ಆ ಕೈಯನ್ನು ಜೋತುಬಿಟ್ಟು ಬಳಸಲು ನಿರಾಕರಿಸುತ್ತದೆ. ವೈದ್ಯರು ಇದನ್ನು ಸಾಮಾನ್ಯವಾಗಿ ಕ್ಷಣಮಾತ್ರದಲ್ಲಿ ಸರಿಪಡಿಸಬಲ್ಲರು. ನಾವೇ ತಿರುಚಲು ಹೋಗಬಾರದು. ಆಸರೆ ಬೇಕಾದಾಗ ಹಿಂದಿನಿಂದ ಎರಡೂ ಕಂಕುಳ ಕೆಳಗೆ ಹಿಡಿಯೋಣ. ಇಲ್ಲವೆ ಮಗುವೇ ನಮ್ಮ ತೋಳನ್ನು ಹಿಡಿದುಕೊಳ್ಳಲಿ.

ಪೆಟ್ಟಾದರೆ

ಕೈ ಊದಿಕೊಂಡರೆ, ಸೊಟ್ಟಗಾದರೆ, ಮುಟ್ಟಿದರೆ ಮಗು ಚೀರಿದರೆ, ಎಣ್ಣೆ ಹಚ್ಚಿ ನೀವುವುದಾಗಲಿ ಬಿಗಿಯಾಗಿ ಕಟ್ಟುವುದಾಗಲಿ ಕೂಡದು. ಬಿಗಿಕಟ್ಟಿನಿಂದ ರಕ್ತಸಂಚಾರ ನಿಂತು ಕೈಗೇ ಅಪಾಯವಾದೀತು. ರಟ್ಟಿನ ತುಂಡಿನ ಮೇಲೆ ಕೈಯನ್ನು ಅಲುಗದಂತೆ ಇರಿಸಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನಿಟ್ಟು ವೈದ್ಯರಲ್ಲಿಗೆ ಕರೆದೊಯ್ಯಬೇಕು. ತಲೆಗೆ ಪೆಟ್ಟಾದ ಮೇಲೆ ಪದೇ ಪದೇ ವಾಂತಿ, ಮಂಪರು, ತಡವರಿಸುವ ಮಾತು ಕಂಡರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು.

ಪಕ್ಕದ ಮನೆಯ ಮಗು ವಾರದಲ್ಲಿ ಕಲಿತಿತೆಂದು ನಮ್ಮ ಮಗುವನ್ನು ಅವಸರಪಡಿಸುವುದು ಬೇಡ. ಮೊದಲ ದಿನ ಅದು ನಾಲ್ಕು ಬಾರಿ ಬಿದ್ದು ನಾಲ್ಕು ಬಾರಿ ತಾನೇ ಎದ್ದರೆ, ಮರುದಿನವೂ ಹೋಗೋಣವೆಂದು ತಾನಾಗಿ ಕೇಳಿದರೆ, ಆ ದಿನದ ಕಲಿಕೆ ಸಾರ್ಥಕವಾಯಿತೆಂದು ತಿಳಿಯೋಣ.